‘ಮೊದಲು ಹೋಗಲಿ, ಮತ್ತೆ ಕಾಲೇಜು ಬದಲಾಯಿಸುವ’ ಎನ್ನುವುದು ವಂಚನೆ

ಬಿ.ಸಿ.ರೋಡ್, ಬೆಳ್ತಂಗಡಿ, ಮೂಡುಬಿದಿರೆ: ವಿದೇಶದ ಓದಿನ ವಿಚಾರ ಬಂದಲ್ಲೆಲ್ಲ ಒಂದು ಮಾತು ತಪ್ಪದೆ ಕೇಳಿಬರುತ್ತದೆ. “ಸದ್ಯ ಸೀಟು ಎಲ್ಲಿ ಸಿಕ್ಕುತ್ತದೋ ಅಲ್ಲಿಗೆ ಹೋಗ್ಲಿ ಮಾರಾಯ್ರೆ. ಅಲ್ಲಿ ಮುಟ್ಟಿದ ಮೇಲೆ ಬೇಕಾದ ಕಾಲೇಜಿಗೆ ಚೇಂಜ್ ಮಾಡುವ.” ಹೇಳುವವರು ಕನ್ಸಲ್ಟೆನ್ಸಿಯವರು, ನಂಬುವವರು ಸಾಲ ಎತ್ತಿದ ತಂದೆ ತಾಯಿ, ಕೊನೆಗೆ ಅನುಭವಿಸುವವರು ಇಪ್ಪತ್ತರ ಆಸುಪಾಸಿನ ಮಕ್ಕಳು. ಈ ಮಾತನ್ನು ಇನ್ನು ಸಲಹೆಯೆಂದು ಕರೆಯಬಾರದು. ಗೊತ್ತಿದ್ದೂ ಹೀಗೆ ಹೇಳಿ ಹಣ ಪಡೆಯುವುದು ವಂಚನೆ.

ವಿದ್ಯಾರ್ಥಿ ವೀಸಾ ಎಂದರೆ ಒಂದು ದೇಶದೊಳಗೆ ಎಲ್ಲಿ ಬೇಕಾದರೂ ಓದಬಹುದೆಂಬ ರಹದಾರಿ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಆ ಅನುಮತಿ ನಿಂತಿರುವುದು ಒಂದು ನಿರ್ದಿಷ್ಟ ಸಂಸ್ಥೆಯ, ಒಂದು ನಿರ್ದಿಷ್ಟ ಕೋರ್ಸಿನ ಆಧಾರದ ಮೇಲೆ. ಆಧಾರ ತಪ್ಪಿದರೆ ಅನುಮತಿಗೂ ಕುತ್ತು. ಇದೇನೂ ಪರದೇಶದವರು ನಮ್ಮ ಮೇಲೆ ಹಗೆ ಸಾಧಿಸಲು ಮಾಡಿದ ನಿಯಮವಲ್ಲ. ಭಾರತಕ್ಕೆ ಓದಲು ಬರುವ ವಿದೇಶಿಯರ ವೀಸಾ ಕೂಡ ಸೇರಿದ ಸಂಸ್ಥೆಗೆ ಅಂಟಿಕೊಂಡೇ ಇರುತ್ತದೆ.

ಕೆನಡಾವನ್ನೇ ನೋಡಿ. ಅಲ್ಲಿ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಓದುವ ವಿದೇಶಿ ವಿದ್ಯಾರ್ಥಿ ಒಂದು ಮಾನ್ಯ ಸಂಸ್ಥೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಹಿಂದೆ ವಲಸೆ ಇಲಾಖೆಯ ಆನ್‌ಲೈನ್ ಖಾತೆಯಲ್ಲಿ ತಿಳಿಸಿದರೆ ಸಾಕಿತ್ತು. ‘ಚೇಂಜ್ ಮಾಡುವ’ ಎಂಬ ಮಾತು ಹುಟ್ಟಿದ್ದೇ ಆ ಕಾಲದಲ್ಲಿ. 2024ರ ನವೆಂಬರ್ 8ರಂದು ಆ ಕಾಲ ಮುಗಿಯಿತು. ಅಂದಿನಿಂದ ಕಾಲೇಜು ಬದಲಾಯಿಸುವವರು ಹೊಸ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಅರ್ಜಿ ಎಂದ ಮೇಲೆ ಅದು ತಿರಸ್ಕಾರವಾಗಲೂಬಹುದು. ಪ್ರವೇಶ ಪತ್ರ, ಹಣದ ಪುರಾವೆ, ಓದಿನ ಪ್ರಗತಿ ಎಲ್ಲವನ್ನೂ ಅಧಿಕಾರಿ ಮತ್ತೆ ನೋಡುತ್ತಾರೆ. ಅದೇ ವರ್ಷದ ಜನವರಿಯಲ್ಲಿ ಆ ದೇಶ ಪರ್ಮಿಟ್‌ಗಳ ಸಂಖ್ಯೆಗೇ ಮಿತಿ ಹಾಕಿತ್ತು. ಸರಕಾರಿ ಕಾಲೇಜಿನ ಪಠ್ಯವನ್ನು ಖಾಸಗಿ ಕಾಲೇಜು ನಡೆಸುವ ಜಂಟಿ ಕೋರ್ಸುಗಳಿಗೆ 2024ರ ಮೇ 15ರಿಂದ ಸೇರಿದವರಿಗೆ ಓದು ಮುಗಿದ ಮೇಲಿನ ಕೆಲಸದ ಪರ್ಮಿಟ್ ಇಲ್ಲ. ಕೆಲಸ ಸಿಗುವ ಊರೆಂದು, ಶುಲ್ಕ ಕಡಿಮೆಯೆಂದು ಅಂಥ ಕೋರ್ಸಿಗೆ ಹಾರಿದ ವಿದ್ಯಾರ್ಥಿ ಯಾವ ಕೆಲಸದ ಆಸೆಯಿಂದ ಹೋದನೋ ಆ ಬಾಗಿಲನ್ನು ತಾನೇ ಮುಚ್ಚಿಕೊಂಡಂತಾಯಿತು.

ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯವೇ ವಿದ್ಯಾರ್ಥಿಯ ಪ್ರಾಯೋಜಕ. ಸಂಸ್ಥೆ ಬದಲಾದರೆ ಹೊಸ ಪ್ರಾಯೋಜಕ ಬೇಕು, ಹೊಸ ವೀಸಾ ಅರ್ಜಿ ಬೇಕು. ಕೋರ್ಸು ಮುಗಿಸದೆ ಕೆಲಸದ ವೀಸಾಕ್ಕೆ ಹೊರಳುವ ದಾರಿಯನ್ನು 2023ರ ಜುಲೈ 17ರಿಂದಲೇ ಮುಚ್ಚಲಾಗಿದೆ. ಆಸ್ಟ್ರೇಲಿಯಾದಲ್ಲಿ ಮುಖ್ಯ ಕೋರ್ಸಿನ ಮೊದಲ ಆರು ತಿಂಗಳು ಸಂಸ್ಥೆ ಬದಲಾಯಿಸಲು ನಿರ್ಬಂಧವಿದೆ. ಪದವಿಗೆಂದು ವೀಸಾ ಪಡೆದು ಕೆಳಗಿನ ದರ್ಜೆಯ ಡಿಪ್ಲೊಮಾಕ್ಕೆ ಇಳಿದರೆ ಅದು ವೀಸಾ ಷರತ್ತಿನ ಉಲ್ಲಂಘನೆ. ಈ ಆರು ತಿಂಗಳ ಬೇಲಿ ದಾಟಲು ಏಜೆಂಟರು ಒಂದು ಸಂದು ಹುಡುಕಿದ್ದರು: ವಿಶ್ವವಿದ್ಯಾಲಯದಲ್ಲಿ ಹೆಸರು ಉಳಿಸಿಕೊಂಡೇ ಅಗ್ಗದ ಕಾಲೇಜಿನಲ್ಲಿ ಎರಡನೇ ದಾಖಲಾತಿ. 2023ರ ಮೊದಲ ಆರು ತಿಂಗಳಲ್ಲೇ ಇಂಥ ಜೋಡಿ ದಾಖಲಾತಿ 17,000ಕ್ಕೆ ಏರಿದ್ದನ್ನು ಕಂಡ ಅಲ್ಲಿನ ಸರಕಾರ ಆ ವರ್ಷದ ಆಗಸ್ಟ್‌ನಲ್ಲಿ ಆ ಸಂದನ್ನೂ ಮುಚ್ಚಿತು. ಅಮೆರಿಕದಲ್ಲಿ ವಿದ್ಯಾರ್ಥಿಯ ದಾಖಲೆ ಸೆವಿಸ್ ಎಂಬ ಸರಕಾರಿ ಕಂಪ್ಯೂಟರ್ ವ್ಯವಸ್ಥೆಯಲ್ಲಿದೆ. ಹಳೆಯ ಸಂಸ್ಥೆಯ ನಿಯೋಜಿತ ಅಧಿಕಾರಿ ಆ ದಾಖಲೆಯನ್ನು ಬಿಡುಗಡೆ ಮಾಡಿ, ಹೊಸ ಸಂಸ್ಥೆ ಹೊಸ ಐ-20 ಪತ್ರ ಕೊಟ್ಟರೆ ಮಾತ್ರ ವರ್ಗಾವಣೆ. ಇಷ್ಟಾಗದೆ ತರಗತಿ ಬಿಟ್ಟವನು ಕಾನೂನಿನ ಕಣ್ಣಿನಲ್ಲಿ ವಿದ್ಯಾರ್ಥಿಯೇ ಅಲ್ಲ. ಮೊದಲ ವರ್ಷದೊಳಗೆ ಸಂಸ್ಥೆ ಬದಲಾಯಿಸುವುದನ್ನು ಇನ್ನೂ ಬಿಗಿ ಮಾಡುವ ನಿಯಮಾವಳಿಯನ್ನು ಆ ದೇಶ 2025ರ ಆಗಸ್ಟ್‌ನಲ್ಲಿ ಮುಂದಿಟ್ಟಿತು.

ನಾಲ್ಕೂ ದೇಶಗಳು ಬಾಗಿಲು ಬಿಗಿ ಮಾಡುತ್ತಿರುವಾಗ ನಮ್ಮ ಊರಿನಲ್ಲಿ ಹಳೆಯ ಮಾತು ಏಕೆ ಇನ್ನೂ ಚಲಾವಣೆಯಲ್ಲಿದೆ? ಕಾರಣ ಕಮಿಷನ್. ವಿದೇಶದ ಅನೇಕ ಸಂಸ್ಥೆಗಳು ವಿದ್ಯಾರ್ಥಿಯನ್ನು ಕಳಿಸಿದ ಏಜೆಂಟನಿಗೆ ಶುಲ್ಕದಲ್ಲಿ ಪಾಲು ಕೊಡುತ್ತವೆ. ಪಾಲು ಕೊಡದ ಸಂಸ್ಥೆ ಎಷ್ಟೇ ಒಳ್ಳೆಯದಾಗಿರಲಿ, ಅದರ ಹೆಸರು ಅಂಥ ಕಚೇರಿಯ ಪಟ್ಟಿಗೆ ಬರುವುದು ಕಷ್ಟ. ಮನೆಯವರಿಗೆ ಸೂಚಿಸಿದ ಕಾಲೇಜು ಮನಸ್ಸಿಗೆ ಬಾರದಿದ್ದಾಗ ಅವರನ್ನು ಒಪ್ಪಿಸುವ ಮಾತು ಬೇಕು; ಆ ಮಾತೇ ‘ಆಮೇಲೆ ಬದಲಾಯಿಸುವ’. ವಿಮಾನ ಹತ್ತಿದ ಮೇಲೆ ಏಜೆಂಟನ ಲೆಕ್ಕ ಚುಕ್ತಾ, ಮಗುವಿನ ಲೆಕ್ಕ ಶುರು.

ಈ ಮಾತನ್ನು ನಂಬಿದವರ ಗತಿ ಏನಾಗಿದೆ ಎಂಬುದಕ್ಕೆ ದಾಖಲೆಗಳಿವೆ. 2011ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಯೂನಿವರ್ಸಿಟಿಯ ಮೇಲೆ ವೀಸಾ ವಂಚನೆಯ ಆರೋಪದಲ್ಲಿ ದಾಳಿಯಾಯಿತು. ಸಾವಿರಕ್ಕೂ ಮಿಕ್ಕಿದ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಭಾರತೀಯರು. ಕೆಲವರ ಕಾಲಿಗೆ ಚಲನವಲನ ಪತ್ತೆಹಚ್ಚುವ ಉಪಕರಣ ಕಟ್ಟಿದ್ದನ್ನು ಕಂಡು ಇಡೀ ದೇಶ ನೊಂದಿತ್ತು. ಸಂಸ್ಥೆಯ ಮಾಲಕಿಗೆ 2014ರಲ್ಲಿ 16 ವರ್ಷಕ್ಕೂ ಮೀರಿದ ಜೈಲು ಶಿಕ್ಷೆಯಾಯಿತು. ಆಕೆಗೆ ಶಿಕ್ಷೆಯಾದರೂ ಮಕ್ಕಳ ಕಳೆದುಹೋದ ವರ್ಷಗಳು ಮರಳಲಿಲ್ಲ. 2019ರ ಜನವರಿಯಲ್ಲಿ ಮಿಷಿಗನ್‌ನ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯದ ಪ್ರಕರಣ ಹೊರಬಂತು. ವೆಬ್‌ಸೈಟ್ ಇತ್ತು, ಲಾಂಛನವಿತ್ತು, ತರಗತಿ ಇರಲಿಲ್ಲ, ಅಧ್ಯಾಪಕರು ಇರಲಿಲ್ಲ. ಅಮೆರಿಕದ ಗೃಹಭದ್ರತಾ ಇಲಾಖೆಯೇ ಬೀಸಿದ ಬಲೆ ಅದು. ಮೊದಲ ಹಂತದಲ್ಲಿ ಬಂಧಿತರಾದ 130 ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತೀಯರು. ಬೇರೆ ವಿಶ್ವವಿದ್ಯಾಲಯಗಳಿಂದ ಅಲ್ಲಿಗೆ ವರ್ಗಾವಣೆ ಮಾಡಿಸಿಕೊಂಡವರು ಅವರಲ್ಲಿ ಅನೇಕರು. ಶುಲ್ಕ ಕಡಿಮೆ, ಕೆಲಸಕ್ಕೆ ಅನುಮತಿ ಸಲೀಸು ಎಂದು ನಂಬಿಸಿ ಸೇರಿಸುತ್ತಿದ್ದ 8 ಮಂದಿ ಮಧ್ಯವರ್ತಿಗಳ ಮೇಲೂ ಮೊಕದ್ದಮೆ ಹೂಡಲಾಯಿತು. ಬಲೆ ಬೀಸಿದ ಸರಕಾರದ ನಡೆಯನ್ನು ಟೀಕಿಸಲು ಕಾರಣಗಳಿವೆ. ಆದರೆ ಆ ಬಲೆಗೆ ಮಕ್ಕಳನ್ನು ತಳ್ಳಿದ್ದು ‘ಇಲ್ಲಿಗೆ ಬದಲಾಯಿಸು’ ಎಂದ ಮಧ್ಯವರ್ತಿಗಳೇ.

ಕಾಲೇಜು ಬದಲಾಯಿಸುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಬದಲಾಯಿಸಲೇಬೇಕಾದ ಸಂದರ್ಭಗಳು ಬರುತ್ತವೆ, ವಿದ್ಯಾರ್ಥಿಯ ತಪ್ಪಿಲ್ಲದೆಯೂ ಬರುತ್ತವೆ. 2012ರ ಆಗಸ್ಟ್‌ನಲ್ಲಿ ಲಂಡನ್ ಮೆಟ್ರೋಪಾಲಿಟನ್ ವಿಶ್ವವಿದ್ಯಾಲಯ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಪರವಾನಿಗೆ ಕಳೆದುಕೊಂಡಿತು. ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಹೊಸ ಸಂಸ್ಥೆ ಹುಡುಕಿಕೊಳ್ಳಬೇಕಾಯಿತು. ಕೊಟ್ಟ ಗಡುವು 60 ದಿನ. 2022ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದ ಮೂರು ಖಾಸಗಿ ಕಾಲೇಜುಗಳು ದಿವಾಳಿಯ ಅಂಚಿಗೆ ಬಂದು ಬಾಗಿಲು ಹಾಕಿದವು. ಶುಲ್ಕ ಕಟ್ಟಿದ್ದ ಭಾರತೀಯ ವಿದ್ಯಾರ್ಥಿಗಳು ಬೀದಿಗೆ ಬಿದ್ದರು. ಅಲ್ಲಿನ ನಮ್ಮ ಹೈಕಮಿಷನ್ ಎಚ್ಚರಿಕೆಯ ಸೂಚನೆ ಹೊರಡಿಸಬೇಕಾಯಿತು. 2025ರ ಮೇ ತಿಂಗಳಲ್ಲಿ ಹಾರ್ವರ್ಡ್‌ನಂಥ ಹಾರ್ವರ್ಡ್‌ನ ವಿದೇಶಿ ವಿದ್ಯಾರ್ಥಿಗಳಿಗೇ ‘ಬೇರೆ ಕಡೆ ವರ್ಗಾವಣೆ ಮಾಡಿಸಿಕೊಳ್ಳಿ, ಇಲ್ಲವಾದರೆ ಕಾನೂನುಬದ್ಧ ಸ್ಥಾನ ಕಳೆದುಕೊಳ್ಳುತ್ತೀರಿ’ ಎಂದು ಅಮೆರಿಕದ ಸರಕಾರ ಹೇಳಿತು. ಮರುದಿನ ನ್ಯಾಯಾಲಯ ತಡೆ ಕೊಟ್ಟಿತು. ಇಂಥ ಹೊತ್ತಿನಲ್ಲಿ ಬದಲಾವಣೆ ಹಕ್ಕು. ಹಾಗೆಂದು ಸೇರುವಾಗಲೇ ಬಿಡುವ ಲೆಕ್ಕ ಹಾಕಿ ಹೊರಡುವುದನ್ನು ಇದರ ಜೊತೆ ಸೇರಿಸಬಾರದು. ಅದು ವೀಸಾ ಅಧಿಕಾರಿಯ ಮುಂದೆ ಹೇಳಿದ ಸುಳ್ಳು.

ವೈದ್ಯಕೀಯ ಓದಿಗೆ ಹೊರಡುವವರು ಇನ್ನೂ ಗಟ್ಟಿಯಾಗಿ ಕೇಳಿಸಿಕೊಳ್ಳಬೇಕು. ಅವರನ್ನು ತಡೆಯುವುದು ಪರದೇಶದ ಕಾನೂನಲ್ಲ, ನಮ್ಮದೇ ಕಾನೂನು. 2021ರ ನವೆಂಬರ್ 18ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ನಿಯಮದಂತೆ, ವಿದೇಶದಲ್ಲಿ ಓದಿದವರು ಇಲ್ಲಿ ವೈದ್ಯರಾಗಿ ನೋಂದಾಯಿಸಿಕೊಳ್ಳಬೇಕಾದರೆ ಕನಿಷ್ಠ 54 ತಿಂಗಳ ವ್ಯಾಸಂಗವನ್ನೂ 12 ತಿಂಗಳ ಇಂಟರ್ನ್‌ಶಿಪ್ಪನ್ನೂ ಅದೇ ಒಂದು ವಿದೇಶಿ ಸಂಸ್ಥೆಯಲ್ಲಿ ಮುಗಿಸಿರಬೇಕು. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ನವೀನ್ ಶೇಖರಪ್ಪ ಗ್ಯಾನಗೌಡರ್ ಉಕ್ರೇನಿನ ಖಾರ್ಕಿವ್‌ನಲ್ಲಿ ಯುದ್ಧದ ದಾಳಿಗೆ ಬಲಿಯಾದಾಗ ಕರ್ನಾಟಕ ಕಣ್ಣೀರಿಟ್ಟಿತು. ಜೀವ ಉಳಿಸಿಕೊಂಡು ಮರಳಿದವರು ಇಲ್ಲಿನ ಕಾಲೇಜುಗಳಲ್ಲಿ ಸೀಟು ಕೇಳಿದರು. ಕಾನೂನಿನಲ್ಲಿ ಅವಕಾಶವಿಲ್ಲವೆಂದು ಕೇಂದ್ರ ಸರಕಾರ ಸುಪ್ರೀಂ ಕೋರ್ಟಿಗೆ ತಿಳಿಸಿತು. ಬೇರೆ ದೇಶದಲ್ಲಿ ಓದು ಮುಂದುವರಿಸಿ ಪದವಿಯನ್ನು ಉಕ್ರೇನಿನ ಮಾತೃಸಂಸ್ಥೆಯಿಂದಲೇ ಪಡೆಯಬಹುದೆಂಬ ತಾತ್ಕಾಲಿಕ ವ್ಯವಸ್ಥೆಗೆ 2022ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಕೊನೆಯ ಹಂತದಲ್ಲಿದ್ದವರಿಗೆ ಇಲ್ಲೇ ಪರೀಕ್ಷೆ ಬರೆಯುವ ಒಂದು ಬಾರಿಯ ಅವಕಾಶ ದೊರೆತದ್ದು 2023ರ ಮಾರ್ಚ್‌ನಲ್ಲಿ. ಯುದ್ಧ ಬಂದು ಊರೇ ಉರಿದಾಗಲೂ ಇಷ್ಟು ದುಸ್ತರವಾದ ಬದಲಾವಣೆ, ಏಜೆಂಟನ ಬಾಯಿಮಾತಿನಿಂದ ಸುಲಭವಾದೀತೇ? ‘ಮೊದಲ ವರ್ಷ ಅಲ್ಲಿ ಓದಿ, ಎರಡನೇ ವರ್ಷ ಬೇರೆ ದೇಶಕ್ಕೆ ಹಾಕಿಸುವ’ ಎಂದು ಎಂ.ಬಿ.ಬಿ.ಎಸ್. ಸೀಟು ಮಾರುವವನು ಮಗುವಿನ ವೈದ್ಯ ವೃತ್ತಿಗೇ ಕೊಡಲಿ ಹಾಕುತ್ತಿದ್ದಾನೆ.

ಈಗ ನಮ್ಮ ಮನೆಗಳ ಕಡೆ ನೋಡೋಣ. ಐದು ದೊಡ್ಡ ಬ್ಯಾಂಕುಗಳಿಗೆ ಜನ್ಮ ಕೊಟ್ಟ ಅವಿಭಜಿತ ದಕ್ಷಿಣ ಕನ್ನಡದವರು ನಾವು. ಸಾಲದ ಕಾಗದ ನಮಗೆ ಹೊಸತಲ್ಲ. ಬಿ.ಸಿ.ರೋಡಿನ ಮಿನಿ ವಿಧಾನಸೌಧದ ಮೆಟ್ಟಿಲು ಹತ್ತುವ ತಂದೆಯ ಕೈಯ ಪ್ಲಾಸ್ಟಿಕ್ ಫೈಲಿನಲ್ಲಿ ಆರ್‌ಟಿಸಿ ಇರುತ್ತದೆ, ಋಣಭಾರ ಪತ್ರ ಇರುತ್ತದೆ, ಕನ್ವರ್ಷನ್ ಆದೇಶ ಇರುತ್ತದೆ. ಹೆಸರಿನ ಇನಿಶಿಯಲ್ ಒಂದು ಕಾಗದದಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ಅದನ್ನು ಸರಿಮಾಡಿಸಲು ವಾರಗಟ್ಟಲೆ ಅಲೆಯುತ್ತಾರೆ. ಏಳೂವರೆ ಲಕ್ಷ ರೂಪಾಯಿ ಮೀರಿದ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಅಡಮಾನ ಬೇಕಾಗುತ್ತದೆ. ಅಡಿಕೆಯಲ್ಲಿ ಬಂದದ್ದು, ಬೀಡಿ ಕಟ್ಟಿ ಕೂಡಿಟ್ಟದ್ದು, ಗಲ್ಫಿನಲ್ಲಿ ದುಡಿದದ್ದು ಸೇರಿ ಎದ್ದ ಮನೆ ಬ್ಯಾಂಕಿನ ಕೈಗೆ ಹೋಗುತ್ತದೆ. ಇಷ್ಟು ಕಟ್ಟುನಿಟ್ಟಾಗಿ ಜಾಗದ ಕಾಗದ ನೋಡುವ ನಾವು, ಅದೇ ಫೈಲಿನ ಕೊನೆಯಲ್ಲಿರುವ ಕಾಲೇಜಿನ ಆಫರ್ ಲೆಟರನ್ನು ಓದುವುದಿಲ್ಲ. ಮರುಪಾವತಿಯ ನಿಯಮ ಏನು, ಕೋರ್ಸು ಮುಗಿದ ಮೇಲೆ ಕೆಲಸದ ಅನುಮತಿ ಸಿಗುತ್ತದೆಯೇ, ಕಾಲೇಜು ಇರುವುದು ಯಾವ ಊರಿನಲ್ಲಿ ಎಂಬುದು ಆ ಹಾಳೆಗಳಲ್ಲಿಯೋ ಸಂಸ್ಥೆಯ ವೆಬ್‌ಸೈಟಿನಲ್ಲಿಯೋ ಇರುತ್ತದೆ. ಬ್ಯಾಂಕು ಸಾಲ ಮಂಜೂರು ಮಾಡುವುದೂ ಆ ಕಾಲೇಜಿನ, ಆ ಕೋರ್ಸಿನ ಹೆಸರಿನಲ್ಲೇ. ಕಾಲೇಜು ಬದಲಾದರೆ ಬ್ಯಾಂಕಿನ ಮುಂದೆ ಮತ್ತೆ ನಿಲ್ಲಬೇಕು, ಮೊದಲ ಕಾಲೇಜಿಗೆ ಕಟ್ಟಿದ ಶುಲ್ಕ ಪೂರ್ತಿ ಮರಳುವ ಭರವಸೆಯೂ ಇಲ್ಲ. ಈ ವಿಚಾರದಲ್ಲಿ ಪೋಷಕರ ಅಸಡ್ಡೆಯನ್ನು ನಾವು ಮನ್ನಿಸಲಾರೆವು. ನೆರೆಮನೆಯ ಮಗ ಹೋದ, ನಮ್ಮವನೂ ಹೋಗಲಿ ಎಂಬ ಹಟಕ್ಕೆ ಮನೆಯನ್ನು ಒತ್ತೆ ಇಡಬಾರದು.

ನಮ್ಮ ಕಾಲೇಜುಗಳೂ ಹೊಣೆ ಹೊರಬೇಕು. ಮೂಡುಬಿದಿರೆ, ಉಜಿರೆಗಳು ರಾಜ್ಯದ ನಾನಾ ಕಡೆಯಿಂದ ಮಕ್ಕಳು ಬಂದು ಓದುವ ಶಿಕ್ಷಣ ಕೇಂದ್ರಗಳು. ಅಂಥ ಊರುಗಳಲ್ಲಿ ವಿದೇಶ ವ್ಯಾಸಂಗದ ಮೇಳಕ್ಕೆ ಸಭಾಂಗಣ ಬಿಟ್ಟುಕೊಡುವ ಸಂಸ್ಥೆ ಯಾವುದೇ ಇರಲಿ, ವೇದಿಕೆ ಏರುವವನು ಯಾರ ಕಮಿಷನ್ ಪಡೆಯುತ್ತಾನೆಂದು ಮೊದಲು ಲಿಖಿತವಾಗಿ ಕೇಳಬೇಕು. ಅದನ್ನು ವಿದ್ಯಾರ್ಥಿಗಳಿಗೂ ಹೇಳಬೇಕು.

ಸರಕಾರದ ಪಾಲು ಎಲ್ಲಕ್ಕಿಂತ ದೊಡ್ಡದು. 1983ರ ವಲಸೆ ಕಾಯಿದೆ ಉದ್ಯೋಗಕ್ಕೆ ಹೊರದೇಶಕ್ಕೆ ಕಳಿಸುವ ಏಜೆಂಟರಿಗೆ ನೋಂದಣಿ ಕಡ್ಡಾಯ ಮಾಡಿದೆ. ಓದಿಗೆ ಕಳಿಸುವವರು ಅದರ ಹಿಡಿತಕ್ಕೆ ಬರುವುದಿಲ್ಲ. ಗಲ್ಫಿಗೆ ಕೆಲಸಗಾರನನ್ನು ಕಳಿಸಲು ಪರವಾನಿಗೆ ಬೇಕು, ಹದಿನೆಂಟರ ಹುಡುಗಿಯನ್ನು ಲಕ್ಷಗಟ್ಟಲೆ ಸಾಲದ ಮೇಲೆ ಟೊರಾಂಟೊಗೆ ಕಳಿಸಲು ಆ ಕಾಯಿದೆಯಡಿ ಬೇಡ. ಇದು ಅನ್ಯಾಯ. ಪಂಜಾಬ್ ಸಾಕಷ್ಟು ಪೆಟ್ಟು ತಿಂದ ಮೇಲೆ 2012ರಲ್ಲಿ ಕಾಯಿದೆ ತಂದು ಟ್ರಾವೆಲ್ ಏಜೆಂಟರು, ಕನ್ಸಲ್ಟೆನ್ಸಿಗಳು, ಐಇಎಲ್‌ಟಿಎಸ್ ತರಬೇತಿ ಕೇಂದ್ರಗಳೆಲ್ಲ ಜಿಲ್ಲಾಡಳಿತದಿಂದ ಪರವಾನಿಗೆ ಪಡೆಯುವಂತೆ ಮಾಡಿತು. ಕಾಯಿದೆಯೊಂದರಿಂದಲೇ ಅಲ್ಲಿ ಮೋಸ ನಿಂತಿಲ್ಲ. ಆದರೂ ಮೋಸಹೋದವನಿಗೆ ದೂರು ಕೊಡಲು ಒಂದು ಕಚೇರಿ, ಕಿತ್ತುಕೊಳ್ಳಲು ಒಂದು ಪರವಾನಿಗೆ ಇದೆ. ಕರ್ನಾಟಕವೂ ಆ ಹಾದಿ ಹಿಡಿಯಬೇಕು. ಕನ್ಸಲ್ಟೆನ್ಸಿ ತನ್ನ ಕಮಿಷನ್ ಎಷ್ಟೆಂದು ಬರೆದು ಕೊಡಬೇಕು. ವೀಸಾ ನಿಯಮದ ವಿಚಾರದಲ್ಲಿ ಸುಳ್ಳು ಹೇಳಿದ್ದು ಸಾಬೀತಾದರೆ ಪಡೆದ ಹಣವನ್ನೆಲ್ಲ ಮರಳಿಸಬೇಕು. ನಮ್ಮ ಮೂರೂ ತಾಲೂಕುಗಳನ್ನು ಪ್ರತಿನಿಧಿಸುವ ಶಾಸಕರು ಮುಂದಿನ ಅಧಿವೇಶನದಲ್ಲೇ ಈ ಬೇಡಿಕೆಯನ್ನು ಎತ್ತಬೇಕು.

ಈಗಾಗಲೇ ಪರದೇಶದಲ್ಲಿದ್ದು ಕಾಲೇಜು ಬದಲಾಯಿಸಬೇಕಾದವರಿಗೆ ನಮ್ಮ ಮಾತು ಇಷ್ಟೆ: ಮೊದಲು ಕಾಗದ, ಆಮೇಲೆ ಕಾಲು. ಈಗಿನ ಸಂಸ್ಥೆಯ ವಿದೇಶಿ ವಿದ್ಯಾರ್ಥಿ ಕಚೇರಿಗೆ ನೀವೇ ಹೋಗಿ ಮಾತಾಡಿ. ಹೊಸ ಸಂಸ್ಥೆಗೆ ಮಾನ್ಯತೆ ಇದೆಯೇ ಎಂದು ಆ ದೇಶದ ಸರಕಾರದ ಪಟ್ಟಿಯಲ್ಲೇ ನೋಡಿ. ಅನುಮತಿ ಕೈಗೆ ಬರುವವರೆಗೆ ಹಳೆಯ ತರಗತಿ ತಪ್ಪಿಸಬೇಡಿ. ಪ್ರತಿ ಪತ್ರದ, ಪ್ರತಿ ರಶೀದಿಯ ಪ್ರತಿ ಇಟ್ಟುಕೊಳ್ಳಿ. ತೊಂದರೆಯಾದರೆ ಮನೆಯವರಿಂದ ಮುಚ್ಚಿಡಬೇಡಿ. ಭಾರತೀಯ ದೂತಾವಾಸಕ್ಕೂ ತಿಳಿಸಿ.

ಇನ್ನು ಹೊರಡಲಿರುವವರು ಮತ್ತು ಅವರ ಹೆತ್ತವರು. ಯಾವ ಕಾಲೇಜಿನಲ್ಲಿ ಕೋರ್ಸು ಮುಗಿಯುವವರೆಗೆ ಕೂತು ಓದಲು ಸಿದ್ಧವಿಲ್ಲವೋ ಆ ಕಾಲೇಜಿಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ‘ಆಮೇಲೆ ಬದಲಾಯಿಸುವ’ ಎಂದವರಿಗೆ, ಅದನ್ನು ಕಚೇರಿಯ ಲೆಟರ್‌ಹೆಡ್‌ನಲ್ಲಿ ಬರೆದು ಸಹಿ ಹಾಕಿ ಕೊಡಿ ಎಂದು ಕೇಳಿ. ಕೊಡಲು ಒಪ್ಪದಿದ್ದರೆ ಫೈಲು ಎತ್ತಿಕೊಂಡು ಎದ್ದು ಬನ್ನಿ.