ಕಾಫಿ ತ್ಯಾಜ್ಯದಿಂದ ಉಪಯುಕ್ತ ಪದಾರ್ಥಗಳು: ಶಿಲೀಂಧ್ರ ಕಿಣ್ವಗಳ ಬಳಕೆ – ಒಂದು ಅವಲೋಕನ

ಹಿನ್ನೆಲೆ

ಭಾರತದ ಒಟ್ಟು ಕಾಫಿ ಉತ್ಪಾದನೆಯಲ್ಲಿ ಕರ್ನಾಟಕದ ಪಾಲು ಸುಮಾರು ಶೇಕಡಾ 70. ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಇದರ ಪ್ರಮುಖ ಜಿಲ್ಲೆಗಳು. ಪಲ್ಪಿಂಗ್ ವಿಧಾನದಲ್ಲಿ ಹಸಿ ಹಣ್ಣಿನ ತೂಕದ ಸುಮಾರು ಶೇಕಡಾ 40ರಷ್ಟು ಸಿಪ್ಪೆಯಾಗಿ ಹೊರಬೀಳುತ್ತದೆ. ಒಣಗಿಸಿದ ಚೆರ್ರಿಯಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ಹೊಟ್ಟಿನದು. ರಾಶಿ ಹಾಕಿದ ಹಸಿ ಸಿಪ್ಪೆಯು ಬೇಗನೆ ಕೊಳೆಯುತ್ತದೆ. ಅದರ ರಸವು ತೊರೆಗಳನ್ನು ಸೇರಿದಲ್ಲಿ ನೀರಿನಲ್ಲಿ ಕರಗಿರುವ ಆಮ್ಲಜನಕ ಕುಗ್ಗಿ ಜಲಚರಗಳಿಗೆ ಅಪಾಯ ಉಂಟಾಗುತ್ತದೆ. ಅನೇಕ ತೋಟಗಳು ಕಾವೇರಿ, ಹೇಮಾವತಿ ಹಾಗೂ ಭದ್ರಾ ನದಿಗಳ ಮೇಲ್ಭಾಗದ ಜಲಾನಯನ ಪ್ರದೇಶದಲ್ಲಿರುವುದರಿಂದ ಈ ವಿಷಯವು ಬೆಳೆಗಾರರಿಗಷ್ಟೇ ಸೀಮಿತವಾದುದಲ್ಲ.

ತಂತ್ರಜ್ಞಾನದ ಸ್ವರೂಪ

ಸಿಪ್ಪೆ ಮತ್ತು ಹೊಟ್ಟಿನಲ್ಲಿ ಪೆಕ್ಟಿನ್, ಸೆಲ್ಯುಲೋಸ್, ಕೆಫೀನ್, ಟ್ಯಾನಿನ್ ಹಾಗೂ ಕ್ಲೋರೋಜೆನಿಕ್ ಆಮ್ಲ ಇರುತ್ತವೆ. ಇವುಗಳಲ್ಲಿ ಕ್ಲೋರೋಜೆನಿಕ್ ಆಮ್ಲವು ಆಹಾರ ಮತ್ತು ಸೌಂದರ್ಯವರ್ಧಕ ಉದ್ಯಮಗಳಲ್ಲಿ ಬೇಡಿಕೆಯುಳ್ಳ ಉತ್ಕರ್ಷಣ ನಿರೋಧಕ. ಇಂತಹ ಪದಾರ್ಥಗಳ ಒಂದು ಭಾಗವು ಸಸ್ಯಕೋಶದ ಗೋಡೆಗೆ ಅಂಟಿಕೊಂಡಿರುವುದರಿಂದ ಬಿಸಿನೀರು ಅಥವಾ ಮದ್ಯಸಾರದಿಂದ ಪೂರ್ಣವಾಗಿ ಹೊರಬರುವುದಿಲ್ಲ. ಆಸ್ಪರ್ಜಿಲಸ್ ನೈಜರ್, ಟ್ರೈಕೋಡರ್ಮ ಮೊದಲಾದ ಶಿಲೀಂಧ್ರಗಳು ಸ್ರವಿಸುವ ಪೆಕ್ಟಿನೇಸ್, ಸೆಲ್ಯುಲೇಸ್ ಮತ್ತು ಜೈಲನೇಸ್ ಕಿಣ್ವಗಳು ಈ ಗೋಡೆಯನ್ನು ಸಡಿಲಗೊಳಿಸುತ್ತವೆ. ಎಸ್ಟರೇಸ್ ಕಿಣ್ವವು ಕ್ಲೋರೋಜೆನಿಕ್ ಆಮ್ಲವನ್ನು ಕೆಫೀಕ್ ಆಮ್ಲ ಮತ್ತು ಕ್ವಿನಿಕ್ ಆಮ್ಲಗಳಾಗಿ ವಿಭಜಿಸುತ್ತದೆ. ಆದುದರಿಂದ ಯಾವ ಪದಾರ್ಥ ಬೇಕೆಂಬುದನ್ನು ನಿರ್ಧರಿಸಿದ ನಂತರವೇ ಕಿಣ್ವವನ್ನು ಆಯ್ಕೆ ಮಾಡಬೇಕಾಗುತ್ತದೆ. ಕಾಫಿ ತ್ಯಾಜ್ಯದ ಮೇಲೆಯೇ ಶಿಲೀಂಧ್ರವನ್ನು ಬೆಳೆಸಿ ಕಿಣ್ವ ಪಡೆಯುವ ಸಂಶೋಧನೆಯು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ನಡೆದಿದೆ.

ಪರಿಶೀಲಿಸಬೇಕಾದ ಅಂಶಗಳು

ರಾಜ್ಯದ ಬಹುತೇಕ ಬೆಳೆಗಾರರು 10 ಹೆಕ್ಟೇರ್‌ಗಿಂತ ಕಡಿಮೆ ಹಿಡುವಳಿ ಹೊಂದಿರುವವರು. ಹಸಿ ಸಿಪ್ಪೆಯು ನವೆಂಬರ್‌ನಿಂದ ಕೆಲವೇ ತಿಂಗಳುಗಳ ಕಾಲ, ಚದುರಿದ ತೋಟಗಳಲ್ಲಿ ದೊರೆಯುತ್ತದೆ. ಅದರ ತೂಕದ ಬಹುಪಾಲು ನೀರೇ ಆಗಿರುವುದರಿಂದ ಸಾಗಾಣಿಕೆ ಮತ್ತು ಒಣಗಿಸುವಿಕೆಯ ವೆಚ್ಚವು ಲಾಭವನ್ನು ನುಂಗಿಹಾಕುವ ಸಂಭವವಿದೆ. ಇದಕ್ಕೆ ವ್ಯತಿರಿಕ್ತವಾಗಿ, ಒಣ ಹೊಟ್ಟು ಹಾಸನ, ಚಿಕ್ಕಮಗಳೂರು, ಕುಶಾಲನಗರ ಮೊದಲಾದೆಡೆಗಳ ಕ್ಯೂರಿಂಗ್ ಘಟಕಗಳಲ್ಲಿ ಈಗಾಗಲೇ ಒಂದೆಡೆ ಸಂಗ್ರಹವಾಗುತ್ತದೆ ಮತ್ತು ಬೇಗ ಕೆಡುವುದಿಲ್ಲ. ಆದ್ದರಿಂದ ಹೊಟ್ಟಿನಿಂದ ಆರಂಭಿಸುವುದೇ ಕಾರ್ಯಸಾಧ್ಯವಾದ ಕ್ರಮವೆನಿಸುತ್ತದೆ.

ಸುರಕ್ಷತೆಯೂ ಅಷ್ಟೇ ಮುಖ್ಯ. ಆಸ್ಪರ್ಜಿಲಸ್‌ನ ಕೆಲವು ಪ್ರಭೇದಗಳು ಆಕ್ರಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುವುದರಿಂದ ಪರೀಕ್ಷಿಸಿದ ತಳಿಗಳನ್ನು ಮಾತ್ರ ಬಳಸುವುದು ಹಾಗೂ ಅಂತಿಮ ಉತ್ಪನ್ನದಲ್ಲಿ ಈ ವಿಷ ಮತ್ತು ಕೀಟನಾಶಕದ ಶೇಷಾಂಶಗಳನ್ನು ತಪಾಸಣೆ ಮಾಡುವುದು ಅಗತ್ಯ.

ಮುನ್ನೋಟ

ಯುರೋಪಿಯನ್ ಒಕ್ಕೂಟವು 2022ರ ಜನವರಿಯಲ್ಲಿ ಒಣ ಕಾಫಿ ಸಿಪ್ಪೆಯನ್ನು ಪಾನೀಯಗಳ ತಯಾರಿಕೆಯಲ್ಲಿ ಬಳಸಲು ಅನುಮತಿಸಿತು. ತ್ಯಾಜ್ಯವೆಂದು ಎಣಿಸಲಾಗಿದ್ದ ವಸ್ತುವು ಮಾರುಕಟ್ಟೆಯ ಸರಕಾಗಬಲ್ಲದೆಂಬುದಕ್ಕೆ ಇದು ನಿದರ್ಶನ. ಆದರೆ ಕಿಣ್ವ ಕ್ರಿಯೆಯ ನಂತರವೂ ಶೇಷ ಉಳಿಯುತ್ತದೆ. ಅದನ್ನು ಕಾಂಪೋಸ್ಟ್ ಮಾಡಿ ತೋಟಕ್ಕೆ ಮರಳಿಸುವ ವ್ಯವಸ್ಥೆಯಿದ್ದಲ್ಲಿ, ಮತ್ತು ದೊರೆತ ಮೌಲ್ಯದಲ್ಲಿ ಸಣ್ಣ ಬೆಳೆಗಾರನಿಗೂ ಪಾಲು ಸಂದಲ್ಲಿ ಮಾತ್ರ ಈ ತಂತ್ರಜ್ಞಾನವು ಸಾರ್ಥಕವಾಗುತ್ತದೆ.