ಹಗ್ಗ ಎಳೆದು ಕೈಸೋತವನೇ, ಮೋಟಾರನ್ನು ಓದಲು ಕಲಿ!

ಆಷಾಢದ ಒಂದು ಬೆಳಿಗ್ಗೆ. ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ದಂಡೆ. ದೋಣಿಯ ಹಿಂಬದಿಗೆ ಸಿಕ್ಕಿಸಿದ ಪುಟ್ಟ ಮೋಟಾರಿನ ಹಗ್ಗವನ್ನು ನಾಲ್ವರು ಹುಡುಗರು ಸರದಿಯಲ್ಲಿ ಎಳೆಯುತ್ತಿದ್ದರು. ಮೂವತ್ತು ಸಲ ಆಯಿತು, ನಲವತ್ತು ಸಲ ಆಯಿತು. ಮೋಟಾರು ಕೆಮ್ಮಲೂ ಇಲ್ಲ. ಒಬ್ಬ ಕಂಪನಿಯನ್ನು ಬೈದ, ಇನ್ನೊಬ್ಬ ಪೆಟ್ರೋಲ್ ಬಂಕಿನವನನ್ನು ಬೈದ, ಮತ್ತೊಬ್ಬ ಮೋಟಾರಿಗೆ ಒದ್ದೇಬಿಟ್ಟ. ದಡದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ಎದ್ದು ಬಂದರು. "ಲೋ ಮಕ್ಳಾ, ಆ ಕೆಂಪು ದಾರ ಎಲ್ ಮಡಗಿದ್ದೀರ್ಲಾ?" ದಾರ ಒಬ್ಬನ ಜೇಬಿನಲ್ಲಿತ್ತು! ಅಷ್ಟು ಹೊತ್ತಿಗೆ ಪೆಟ್ರೋಲು ಕುಡಿದು ಪ್ಲಗ್ಗು ತೊಯ್ದು ತೊಪ್ಪೆಯಾಗಿತ್ತು. ಹಿರಿಯರು ಪ್ಲಗ್ಗು ಬಿಚ್ಚಿ ಒರೆಸಿ ಹಾಕಿದರು, ದಾರದ ಕ್ಲಿಪ್ಪು ಸಿಕ್ಕಿಸಿದರು. ಮೂರನೇ ಎಳೆತಕ್ಕೆ ಮೋಟಾರು ಶುರು.

ಅದರ ಜೊತೆ ಬಂದ ಪುಸ್ತಕ? ಪ್ಲಾಸ್ಟಿಕ್ ಕವರು ಬಿಚ್ಚದೆ ಪೆಟ್ಟಿಗೆಯಲ್ಲೇ ಇತ್ತು. ಅದರಲ್ಲಿ ಆರೇಳು ಭಾಷೆ. ಕನ್ನಡ ಇಲ್ಲ.

ನಗು ಬಂತೇ ಗೆಳೆಯರೇ? ನಗಿ. ಆದರೆ ಅದೇ ದೋಣಿ ನೆರೆಯಲ್ಲಿ ಸಿಕ್ಕಿಬಿದ್ದ ಒಂದು ಸಂಸಾರವನ್ನು ಕರೆತರಲು ಹೊರಟಿದ್ದರೆ? ಕಟ್ಟೆಯ ನೀರು 124.80 ಅಡಿ ಮುಟ್ಟಿ ಗೇಟುಗಳು ತೆರೆದರೆ ಶ್ರೀರಂಗಪಟ್ಟಣದ ಕಾವೇರಿಯ ಮುಖವೇ ಬೇರೆ. 2018ರಲ್ಲೂ 2024ರಲ್ಲೂ ರಂಗನತಿಟ್ಟಿನ ದೋಣಿವಿಹಾರವನ್ನೇ ನಿಲ್ಲಿಸಬೇಕಾಯಿತು. ಅಂಥ ಸೆಳವಿಗೆ ಹುಟ್ಟು ಸಾಲದು, ಮೋಟಾರೇ ಬೇಕು. ಇದು ಹಳ್ಳಿಯವರ ಪಾಡು ಎಂದು ಬೆಂಗಳೂರಿನ ಹುಡುಗರು ಸುಮ್ಮನಿರುವಂತಿಲ್ಲ. 2022ರ ಸೆಪ್ಟೆಂಬರಿನಲ್ಲಿ ನಿಮ್ಮ ಹೊರವರ್ತುಲ ರಸ್ತೆಯ ಬಡಾವಣೆಗಳಿಗೂ ದೋಣಿ ಬಂದಿತ್ತು! ಬಾಯಾರಿದಾಗ ಬಾವಿ ತೋಡುವುದು ಬೇಡ. ಮೋಟಾರು ಏಕೆ ಶುರುವಾಗುತ್ತಿಲ್ಲ ಎಂದು ಕೇಳುವ ಕ್ರಮ ಇವತ್ತೇ ಗೊತ್ತಿರಲಿ. ಪ್ರಶ್ನೆ ಇರುವುದು ನಾಲ್ಕೇ.

ಒಂದು, ದಾರ ಮತ್ತು ಗೇರು. ಓಡಿಸುವವನು ನೀರಿಗೆ ಬಿದ್ದರೆ ಮೋಟಾರು ತಾನಾಗಿ ನಿಲ್ಲಲಿ ಎಂದು ಆ ಕೆಂಪು ದಾರ ಇಟ್ಟಿದ್ದಾರೆ. ಅದರ ಕ್ಲಿಪ್ಪು ಜಾಗದಲ್ಲಿ ಕೂರದಿದ್ದರೆ ಕಿಡಿಯೇ ಹುಟ್ಟದು. ಗೇರು ನ್ಯೂಟ್ರಲ್‌ನಲ್ಲಿರಲಿ.

ಎರಡು, ಪೆಟ್ರೋಲು. ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ತೆರೆದಿದೆಯೇ? ಮುಚ್ಚಿದ್ದರೆ ಮೋಟಾರು ಸ್ವಲ್ಪ ಹೊತ್ತು ಓಡಿ ನಡುನೀರಿನಲ್ಲಿ ಕೈಕೊಡುತ್ತದೆ. ಟ್ಯಾಂಕು ಬೇರೆಯಾಗಿದ್ದರೆ ಕೊಳವೆಯ ನಡುವಿನ ರಬ್ಬರ್ ಉಂಡೆಯನ್ನು ಗಟ್ಟಿಯಾಗುವವರೆಗೂ ಹಿಸುಕಿ. ಅದರ ಮೇಲಿನ ಬಾಣ ಮೋಟಾರಿನ ಕಡೆಗಿರಬೇಕು. ಪೆಟ್ರೋಲು ಎಷ್ಟು ಹಳೆಯದು? ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲಿನವರೆಗೂ ಎಥನಾಲ್ ಇರುತ್ತದೆ. ನಮ್ಮ ಮಂಡ್ಯ ಸೀಮೆ ಬೆಳೆಯುವ ಕಬ್ಬಿನಿಂದಲೂ ತೆಗೆಯುವ ಈ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಅದರ ಜೊತೆ ಬೇರ್ಪಟ್ಟು ತಳ ಸೇರುತ್ತದೆ. ಗಾಜಿನ ಬಾಟಲಿಗೆ ಒಂದಿಷ್ಟು ಬಸಿದು ನೋಡಿ. ಕೆಳಗೆ ಬೇರೆ ಪದರ ಕಂಡರೆ ಎಲ್ಲವನ್ನೂ ತೆಗೆದು ಹೊಸದು ತುಂಬಿ. ಟೂ ಸ್ಟ್ರೋಕ್ ಮೋಟಾರಾದರೆ ಆಯಿಲಿನ ಅಳತೆ ತಪ್ಪಬಾರದು. ಪುಸ್ತಕದಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ.

ಮೂರು, ಕಿಡಿ. ಪ್ಲಗ್ಗು ಬಿಚ್ಚಿ ನೋಡಿ, ಅದೇ ಎಲ್ಲವನ್ನೂ ಹೇಳುತ್ತದೆ. ತೊಯ್ದಿದ್ದರೆ ಪೆಟ್ರೋಲು ಅತಿಯಾಗಿದೆ, ಒರೆಸಿ ಒಣಗಿಸಿ. ಒಣಗಿಯೇ ಇದ್ದರೆ ಪೆಟ್ರೋಲು ಬರುತ್ತಿಲ್ಲ, ಕಾರ್ಬೊರೇಟರಿನ ಜೆಟ್ಟು ಕಟ್ಟಿರಬಹುದು. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಮೋಟಾರಿನ ಬರಿ ಲೋಹಕ್ಕೆ ತಾಗಿಸಿ ಹಗ್ಗ ಎಳೆದರೆ ನೀಲಿ ಕಿಡಿ ಕಾಣಬೇಕು. ಜೋಕೆ! ಚೆಲ್ಲಿದ ಪೆಟ್ರೋಲನ್ನು ಮೊದಲು ಒರೆಸಿ, ಪ್ಲಗ್ಗಿನ ತೂತಿನಿಂದ ಕಿಡಿಯನ್ನು ದೂರವಿಡಿ. ಚೋಕ್ ಎಳೆಯುವುದು ಮೋಟಾರು ತಣ್ಣಗಿದ್ದಾಗ ಮಾತ್ರ. ಶುರುವಾದ ಕೂಡಲೇ ಒಳಕ್ಕೆ ಒತ್ತಿ.

ನಾಲ್ಕು, ಒತ್ತಡ. ಹಗ್ಗ ಎಳೆದಾಗ ಕೈಗೆ ತಡೆಯೇ ಸಿಗದೆ ಸಲೀಸಾಗಿ ಬಂದರೆ ಒಳಗೆ ರಿಂಗೋ ಗ್ಯಾಸ್ಕೆಟ್ಟೋ ಹೋಗಿದೆ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಗ್ಯಾರೇಜಿಗೆ ಒಯ್ಯಿರಿ.

ಶುರುವಾದ ಮೇಲೆ ಹಿಂಬದಿಯ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿದೆಯೇ ನೋಡಿ. ಇಲ್ಲವಾದರೆ ತಕ್ಷಣ ನಿಲ್ಲಿಸಿ. ನೀರಿಲ್ಲದೆ ಓಡಿಸಿದರೆ ಒಳಗಿನ ಪಂಪಿನ ರಬ್ಬರ್ ಚಕ್ರ ಸುಟ್ಟುಹೋಗುತ್ತದೆ. ಮೋಟಾರನ್ನು ಮೂಲೆಗಿಡುವ ಮುನ್ನ, ದೋಣಿ ಇನ್ನೂ ನೀರಿನಲ್ಲಿರುವಾಗಲೇ, ಪೆಟ್ರೋಲಿನ ಕೊಳವೆ ಕಳಚಿ ತಾನಾಗಿ ನಿಲ್ಲುವವರೆಗೂ ಓಡಲು ಬಿಡಿ. ಆಗ ಕಾರ್ಬೊರೇಟರಿನಲ್ಲಿ ಅಂಟು ಕಟ್ಟದು.

ಇದೇನು ಬ್ರಹ್ಮವಿದ್ಯೆಯೇ? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವವರೆಗೂ ಟೂ ಸ್ಟ್ರೋಕ್ ಬೈಕು ಕಟ್ಟಿದ್ದು ನಮ್ಮ ನೆಲದಲ್ಲೇ. ಯೆಜ್ಡಿ ಇಟ್ಟುಕೊಂಡಿದ್ದ ಅಪ್ಪಂದಿರಿಗೆ ಪ್ಲಗ್ಗು ಒರೆಸುವುದನ್ನು ಯಾರೂ ಇಂಗ್ಲಿಷಿನಲ್ಲಿ ಕಲಿಸಲಿಲ್ಲ. ಪಾಂಡವಪುರದ ಮೆಕ್ಯಾನಿಕ್ಕಿಗೆ ಶಬ್ದ ಕೇಳಿಯೇ ರೋಗ ಗೊತ್ತಾಗುತ್ತದೆ. "ನಮಗೆಲ್ಲಿಯ ಹೊಳೆ, ಎಲ್ಲಿಯ ದೋಣಿ?" ಎಂದು ನಾಗಮಂಗಲದವರೂ ಪುಟ ತಿರುವಬೇಡಿ. ಬೆನ್ನಿಗೆ ಹೊತ್ತು ಔಷಧಿ ಹೊಡೆಯುವ ಮೋಟಾರು, ಕಳೆ ಕೊಚ್ಚುವ ಯಂತ್ರ, ಕೆರೆಯಿಂದ ನೀರೆತ್ತುವ ಪೆಟ್ರೋಲ್ ಪಂಪು ಮೊಂಡು ಹಿಡಿದಾಗಲೂ ಕೇಳಬೇಕಾದದ್ದು ಪೆಟ್ರೋಲು, ಕಿಡಿ, ಒತ್ತಡವನ್ನೇ.

ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಕೂಡುವ ಕಡೆ ಇರುವ ಊರಿನ ಹೆಸರು ಅಂಬಿಗರಹಳ್ಳಿ. ಹನ್ನೆರಡನೆಯ ಶತಮಾನದಲ್ಲೇ ಅಂಬಿಗರ ಚೌಡಯ್ಯ ಕನ್ನಡದಲ್ಲಿ ವಚನ ಹೇಳಿದವನು. ಹರಿಗೋಲು, ಹುಟ್ಟು, ಸೆಳವು, ಸುಳಿ, ಮಡು ಎಲ್ಲವೂ ಕನ್ನಡವೇ. ದೋಣಿಗೆ ಮೋಟಾರು ಬಂದ ದಿನ ಆ ಕನ್ನಡವನ್ನು ದಡದಲ್ಲೇ ಬಿಟ್ಟು ಹೋದವರು ಯಾರು? ನಾವೇ! ಪ್ಲಗ್ಗು, ಚೋಕು ಎಂಬ ಮಾತುಗಳು ಹಾಗೇ ಇರಲಿ, ಅವು ಎಂದೋ ನಮ್ಮವಾಗಿವೆ. ಅವುಗಳ ಸುತ್ತ ವಿವರಣೆ ಕನ್ನಡದಲ್ಲಿರಲಿ.

ನಮ್ಮ ಒತ್ತಾಯ ಇಷ್ಟೇ. ಕರ್ನಾಟಕದಲ್ಲಿ ಮಾರುವ ಪ್ರತಿ ದೋಣಿ ಮೋಟಾರಿನ ಜೊತೆ ಕನ್ನಡದ ಪುಸ್ತಕ ಕೊಡಿ. ನೆರೆಗೆ ಹೋಗುವ ಪ್ರತಿ ದೋಣಿಯ ಮೇಲೂ ಈ ನಾಲ್ಕು ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದು ಅಂಟಿಸಿ. ಸರ್ಕಾರ ಕೊಡುವವರೆಗೂ ಕಾಯುತ್ತಾ ಕೂರಬೇಡಿ ಗೆಳೆಯರೇ. ಈ ಭಾನುವಾರ ಊರಿಗೆ ಹೋದಾಗ ದೊಡ್ಡ ಅಕ್ಷರದಲ್ಲಿ ಒಂದು ಹಾಳೆ ಬರೆಯಿರಿ, ನೀರು ತಾಗದಂತೆ ಲ್ಯಾಮಿನೇಟ್ ಮಾಡಿಸಿ, ನಿಮ್ಮೂರಿನ ದೋಣಿಗೆ ಕಟ್ಟಿ. ಮಳೆ ನಿಮಗಾಗಿ ಕಾಯುವುದಿಲ್ಲ!