ಟ್ಯೂಬ್ ತುಂಬಿದೆ, ತರೋರು ಯಾರು?

ಮಂಗಳದ ರೋವರ್ ಅಂದ್ರೆ ನಾವು ಇಂಜಿನಿಯರಿಂಗ್‌ನವರು ಲ್ಯಾಂಡಿಂಗ್ ವಿಡಿಯೋ ನೋಡಿ ಚಪ್ಪಾಳೆ ತಟ್ಟಿ ಮುಗಿಸ್ತೀವಿ. ಆದರೆ ಪರ್ಸಿವಿಯರೆನ್ಸ್ 2021ರ ಫೆಬ್ರವರಿ 18ರಂದು ಜೆಜೆರೊ ಕುಳಿಯಲ್ಲಿ ಇಳಿದದ್ದು ಕಲ್ಲಿಗಾಗಿ. 45 ಕಿ.ಮೀ. ಅಗಲದ ಆ ಕುಳಿ ಒಂದು ಕಾಲದಲ್ಲಿ ದೊಡ್ಡ ಕೆರೆ. ನದಿ ತಂದು ಸುರಿದ ಹೂಳಿನ ಗುಡ್ಡೆ ಈಗಲೂ ಕಾಣುತ್ತೆ.

ಕೆರೆ ಅಂದಮೇಲೆ ತಳದಲ್ಲಿ ಹೂಳು ಗಟ್ಟಿಯಾದ ಕಲ್ಲು ಸಿಗಬೇಕು ತಾನೆ? ಸಿಕ್ಕಿದ್ದು ಅಗ್ನಿಶಿಲೆ! ಒಳ್ಳೇದೇ ಆಯ್ತು, ಅಗ್ನಿಶಿಲೆಯ ವಯಸ್ಸನ್ನು ಚೆನ್ನಾಗಿ ಲೆಕ್ಕ ಹಾಕಬಹುದು. ಆದರೆ ಭೂಮಿಯ ಲ್ಯಾಬ್‌ನಲ್ಲಿ. ಹಿಂದೆ ಗೇಲ್ ಕುಳಿಯಲ್ಲಿ ಕ್ಯೂರಿಯಾಸಿಟಿ ಒಂದು ಕೆಸರುಗಲ್ಲಿನ ವಯಸ್ಸನ್ನು ಅಲ್ಲೇ ನಿಂತು ಅಳೆದಿತ್ತು: 421 ಕೋಟಿ ವರ್ಷ, ಹೆಚ್ಚುಕಡಿಮೆ 35 ಕೋಟಿ. ಬೇರೆ ಗ್ರಹದಲ್ಲಿ ಹೀಗೆ ಅಳೆದದ್ದು ಅದೇ ಮೊದಲು, ಶಭಾಷ್ ಅನ್ನಲೇಬೇಕು. ಆದರೆ ಆ 'ಹೆಚ್ಚುಕಡಿಮೆ' ನೋಡಿ. ಡೈನೋಸಾರ್ ಹುಟ್ಟಿ, ಅಳಿದು, ನಾವು ಬಂದು ಕಾಲೇಜ್ ಸೇರಿದ್ದೆಲ್ಲಾ ಅದರೊಳಗೆ ಆರಾಮಾಗಿ ಹಿಡಿಸುತ್ತೆ.

2024ರ ಜುಲೈನಲ್ಲಿ ಪರ್ಸಿವಿಯರೆನ್ಸ್‌ಗೆ ಚಿರತೆ ಚುಕ್ಕೆಗಳಿರೋ ಒಂದು ಕಲ್ಲು ಸಿಕ್ತು, ಹೆಸರು ಚೆಯಾವಾ ಫಾಲ್ಸ್. ಆ ಚುಕ್ಕೆಗಳಲ್ಲಿ ವಿವಿಯನೈಟ್, ಗ್ರೆಗೈಟ್ ಎಂಬ ಖನಿಜಗಳಿರಬಹುದು ಅಂತ 2025ರ ಸೆಪ್ಟೆಂಬರ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ನಮ್ಮಲ್ಲಿ ಇವನ್ನು ಸೂಕ್ಷ್ಮಜೀವಿಗಳೂ ಮಾಡುತ್ತವೆ, ಜೀವವಿಲ್ಲದೆಯೂ ಆಗುತ್ತವೆ. ಯಾವುದು ಅಂತ ಹೇಳೋ ಶಕ್ತಿ ರೋವರ್‌ಗಿಲ್ಲ. ಆ ಕಲ್ಲಿನ ತುಂಡು ಟ್ಯೂಬ್‌ನಲ್ಲಿ ಸೀಲ್ ಆಗಿ ರೋವರ್ ಹೊಟ್ಟೆಯಲ್ಲೇ ಕೂತಿದೆ. ಇನ್ನೂ ಹತ್ತು ಟ್ಯೂಬ್‌ಗಳನ್ನು 2023ರ ಜನವರಿ ಹೊತ್ತಿಗೇ ತ್ರೀ ಫೋರ್ಕ್ಸ್ ಎಂಬಲ್ಲಿ ನೆಲದ ಮೇಲೆ ಇಟ್ಟಾಗಿದೆ.

ತರೋಕೆ 1,100 ಕೋಟಿ ಡಾಲರ್ ಬೇಕಾಗಬಹುದು, ಅದೂ 2040ಕ್ಕೆ ಅಂತ 2024ರಲ್ಲಿ ನಾಸಾ ತಾನೇ ಹೇಳಿ ತಲೆ ಮೇಲೆ ಕೈ ಹೊತ್ತಿತು. ಆ ದುಡ್ಡಿಗೆ ಇನ್ನೂ ನಾಲ್ಕು ಸ್ಮಾರ್ಟ್ ರೋವರ್ ಕಳಿಸಿ ಅನ್ನೋರು ನಮ್ಮ ಕ್ಲಾಸಲ್ಲೇ ಇದ್ದಾರೆ. ನಾವು ಒಪ್ಪಲ್ಲ. ರೋವರ್ ಹೊರಟ ದಿನವೇ ಅದರ ಉಪಕರಣಗಳ ಬೆಳವಣಿಗೆ ನಿಂತುಹೋಗುತ್ತೆ. ಕಲ್ಲು ಹಾಗಲ್ಲ. 1972ರಲ್ಲಿ ಅಪೊಲೊ 17 ಸೀಲ್ ಮಾಡಿ ತಂದ ಚಂದ್ರನ ಮಣ್ಣಿನ ಒಂದು ಟ್ಯೂಬನ್ನು ನಾಸಾ ತೆರೆದದ್ದು 2022ರಲ್ಲಿ. ಐವತ್ತು ವರ್ಷ ಬೇಕಂತಲೇ ಕಾಯಿಸಿದ್ರು, ಒಳ್ಳೆಯ ಉಪಕರಣ ಬರಲಿ ಅಂತ.

ಚೀನಾ ತನ್ನ ತ್ಯಾನ್‌ವೆನ್-3ನ್ನು 2028ರ ಸುಮಾರಿಗೆ ಕಳಿಸೋ ಯೋಜನೆಯಲ್ಲಿದೆ. ಅದು ಮಂಗಳದ ಕಲ್ಲು ತರಲಿ, ಖುಷಿನೇ. ಆದರೆ ಅದು ತರೋದು ತಾನೇ ಕೊರೆದದ್ದನ್ನ. ಈ ಚಿರತೆ ಚುಕ್ಕೆಯ ಟ್ಯೂಬ್‌ಗೆ ಇವತ್ತಿಗೂ ರಿಟರ್ನ್ ಟಿಕೆಟ್ ಆಗಿಲ್ಲ.